ಬೀಗಲ್ ಜಲಸಂಧಿಯ ವಿವಾದ ಮತ್ತು ಮಧ್ಯಸ್ಥಿಕೆಯ ಮರ್ಮ

ರಾಷ್ಟ್ರಗಳ ನಡುವಣ ಕಲಹವನ್ನು ಶಾಂತಿಯಿಂದ ಪರಿಹರಿಸುವ ಮಾರ್ಗಗಳು ಹಲವು. 1945ರ ವಿಶ್ವಸಂಸ್ಥೆಯ ಸನ್ನದಿನ 33ನೆಯ ವಿಧಿಯು ಮಾತುಕತೆ, ವಿಚಾರಣೆ, ಮಧ್ಯಸ್ಥಿಕೆ, ರಾಜಿ, ಪಂಚಾಯಿತಿ ತೀರ್ಪು, ನ್ಯಾಯಾಲಯದ ನಿರ್ಣಯ ಮೊದಲಾದವನ್ನು ಹೆಸರಿಸುತ್ತದೆ. ಇವುಗಳಲ್ಲಿ ಪಂಚಾಯಿತಿಗೂ ಮಧ್ಯಸ್ಥಿಕೆಗೂ ಇರುವ ಭೇದವು ಮೂಲಭೂತವಾದುದು. ಪಂಚರು ತೀರ್ಪು ನೀಡುತ್ತಾರೆ. ಉಭಯ ಪಕ್ಷಗಳೂ ಅದಕ್ಕೆ ಬದ್ಧವಾಗಿರಬೇಕು. ಮಧ್ಯಸ್ಥನಾದರೋ ಸಲಹೆಯನ್ನಷ್ಟೇ ಮುಂದಿಡುತ್ತಾನೆ. ಒಪ್ಪುವುದೂ ಬಿಡುವುದೂ ಪಕ್ಷಗಳ ಇಚ್ಛೆ. ಹಾಗಾದರೆ ತೀರ್ಪೇ ಸೋತ ಕಡೆ ಬರಿಯ ಸಲಹೆ ಗೆಲ್ಲಬಲ್ಲುದೆ? ಈ ಪ್ರಶ್ನೆಗೆ ದಕ್ಷಿಣ ಅಮೆರಿಕದ ಇತಿಹಾಸದಲ್ಲಿ ಬೋಧಪ್ರದವಾದ ಉತ್ತರವಿದೆ.

ಆ ಖಂಡದ ದಕ್ಷಿಣ ತುದಿಯಲ್ಲಿ, ಬೀಗಲ್ ಜಲಸಂಧಿಯ ಪೂರ್ವದ್ವಾರದ ಬಳಿ, ಪಿಕ್ಟನ್, ಲೆನಾಕ್ಸ್, ನ್ಯೂಯೆವಾ ಎಂಬ ಮೂರು ಸಣ್ಣ ದ್ವೀಪಗಳಿವೆ. 1881ರ ಗಡಿ ಒಪ್ಪಂದದ ಮಾತುಗಳಿಗೆ ಚಿಲಿ ಒಂದು ಅರ್ಥವನ್ನೂ ಅರ್ಜೆಂಟೀನ ಇನ್ನೊಂದು ಅರ್ಥವನ್ನೂ ಹೇಳುತ್ತ ಬಂದುದರಿಂದ ಇವುಗಳ ಒಡೆತನ ವಿವಾದಕ್ಕೀಡಾಯಿತು. 1971ರಲ್ಲಿ ಎರಡೂ ರಾಷ್ಟ್ರಗಳು ಪಂಚಾಯಿತಿಗೆ ಒಪ್ಪಿದವು. ಅಂತರರಾಷ್ಟ್ರೀಯ ನ್ಯಾಯಾಲಯದ ಐವರು ನ್ಯಾಯಾಧೀಶರ ಮಂಡಲಿ ದ್ವೀಪಗಳು ಚಿಲಿಗೆ ಸೇರತಕ್ಕವೆಂದು ನಿರ್ಣಯಿಸಿತು; 1977ರಲ್ಲಿ ಬ್ರಿಟಿಷ್ ರಾಣಿಯ ಹೆಸರಿನಲ್ಲಿ ಆ ತೀರ್ಪು ಪ್ರಕಟವಾಯಿತು. 1978ರ ಜನವರಿಯಲ್ಲಿ ಅರ್ಜೆಂಟೀನ ಅದನ್ನು ಅಸಿಂಧುವೆಂದು ಸಾರಿತು. ಆಗ ಎರಡು ದೇಶಗಳಲ್ಲಿಯೂ ಸೈನಿಕ ಆಳ್ವಿಕೆಯಿತ್ತು. ಡಿಸೆಂಬರಿನ ಹೊತ್ತಿಗೆ ಸೇನೆಗಳು ಗಡಿಯಲ್ಲಿ ಎದುರುಬದುರಾಗಿ ನಿಂತು, ಯುದ್ಧ ಇಂದೋ ನಾಳೆಯೋ ಎಂಬಂತಾಯಿತು.

ಈ ಸಂಕಟಕಾಲದಲ್ಲಿ, ಪೀಠವೇರಿ ಮೂರು ತಿಂಗಳೂ ತುಂಬದಿದ್ದ ಪೋಪ್ ಎರಡನೆಯ ಜಾನ್ ಪಾಲ್ ತಮ್ಮ ಪ್ರತಿನಿಧಿಯಾಗಿ 73 ವರ್ಷದ ಕಾರ್ಡಿನಲ್ ಆಂಟೋನಿಯೊ ಸಮೋರೆಯವರನ್ನು ಕಳುಹಿಸಿದರು. ಅವರು ಎರಡು ರಾಜಧಾನಿಗಳ ನಡುವೆ ಓಡಾಡಿದ ಫಲವಾಗಿ 1979ರ ಜನವರಿ 8ರಂದು ಮಾಂಟೆವಿಡಿಯೊ ನಗರದಲ್ಲಿ ಕರಾರಾಯಿತು. ಬಲಪ್ರಯೋಗ ಮಾಡುವುದಿಲ್ಲವೆಂದು ಎರಡೂ ಪಕ್ಷಗಳು ಮಾತು ಕೊಟ್ಟು, ಪೋಪರ ಮಧ್ಯಸ್ಥಿಕೆಯನ್ನು ಬೇಡಿದವು. 1980ರ ಡಿಸೆಂಬರಿನಲ್ಲಿ ಪೋಪರು ಮುಂದಿಟ್ಟ ಸಲಹೆಯನ್ನು ಚಿಲಿ ಒಪ್ಪಿತು, ಅರ್ಜೆಂಟೀನ ಒಪ್ಪಲಿಲ್ಲ. ಆದರೂ ಮಾತುಕತೆ ಕಡಿದುಹೋಗಲಿಲ್ಲ. ಫಲವನ್ನು ಕಾಣುವ ಮುನ್ನವೇ, 1983ರಲ್ಲಿ, ಸಮೋರೆ ತೀರಿಕೊಂಡರು.

ಕೆಲಸ ಮಾತ್ರ ನಿಲ್ಲಲಿಲ್ಲ. 1982ರ ಫಾಕ್‌ಲೆಂಡ್ ಯುದ್ಧದಲ್ಲಿ ಸೋತ ಅರ್ಜೆಂಟೀನದಲ್ಲಿ ಸೈನಿಕ ಆಳ್ವಿಕೆ ಕುಸಿದು, 1983ರ ಡಿಸೆಂಬರಿನಲ್ಲಿ ರಾವುಲ್ ಆಲ್ಫೊನ್ಸಿನ್ ಅಧ್ಯಕ್ಷರಾದರು. 1984ರ ನವೆಂಬರಿನ ಜನಮತಗಣನೆಯಲ್ಲಿ ನೂರಕ್ಕೆ 80ಕ್ಕೂ ಮಿಕ್ಕ ಮತಗಳು ಒಪ್ಪಂದದ ಪರವಾಗಿ ಬಿದ್ದವು. ನವೆಂಬರ್ 29ರಂದು ವ್ಯಾಟಿಕನ್‌ನಲ್ಲಿ ಒಪ್ಪಂದಕ್ಕೆ ಸಹಿಯಾಯಿತು.

ದ್ವೀಪಗಳು ಪಂಚರು ಹೇಳಿದಂತೆಯೇ ಚಿಲಿಗೆ ಉಳಿದವು ಎಂಬುದು ಗಮನಾರ್ಹ. ಆದರೆ ಅವುಗಳ ಪೂರ್ವದ ಸಮುದ್ರದ ಬಹುಭಾಗ ಅರ್ಜೆಂಟೀನಕ್ಕೆ ಸಂದಿತು. ಸಂಧಾನದಲ್ಲಿ ಹಟವನ್ನು ಬಿಟ್ಟು ಹಿತವನ್ನು ಅರಸಬೇಕೆಂದು ರೋಜರ್ ಫಿಷರ್ ಮತ್ತು ವಿಲಿಯಂ ಯೂರಿ 1981ರಲ್ಲಿ ಪ್ರತಿಪಾದಿಸಿದರು. ಇಲ್ಲಿ ಹಟ ನೆಲದ್ದು. ಅರ್ಜೆಂಟೀನದ ಹಿತವಾದರೋ ಅಟ್ಲಾಂಟಿಕ್ ಸಾಗರದಲ್ಲಿತ್ತು. ನೆಲದ ಒಡೆಯನಾರೆಂಬ ಪ್ರಶ್ನೆಗೆ ತೀರ್ಪು ಉತ್ತರಿಸಿತ್ತು. ಕಡಲಿನ ಹಂಚಿಕೆಯನ್ನು ಮಾತುಕತೆಯೇ ಮಾಡಬೇಕಾಯಿತು.

ಎರಡೂ ಪಕ್ಷಗಳು ಕಲಹದ ನೋವನ್ನು ಅರಿತು, ಗೆಲುವಿನ ಆಸೆ ಬತ್ತಿ, ಹೊರದಾರಿಯೊಂದನ್ನು ಕಂಡಾಗಲೇ ಸಂಧಾನದ ಕಾಲ ಪಕ್ವವಾಗುತ್ತದೆಂದು ವಿಲಿಯಂ ಜಾರ್ಟ್‌ಮನ್ ಎಂಬ ವಿದ್ವಾಂಸರ ಮತ. ಈ ಮತದಂತೆ ನೋಡಿದರೆ, ಫಲ ನೀಡಿದ್ದು 1982ರ ಸೋಲೇ ಹೊರತು ಪೋಪರ ಮಾತಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಅದರಲ್ಲಿ ಸತ್ಯಾಂಶವುಂಟು. ಆದರೆ ಕಾಲ ಪಕ್ವವಾಗುವವರೆಗೆ ಯುದ್ಧವನ್ನು ತಡೆದು ಮಾತನ್ನು ಜೀವಂತವಾಗಿ ಉಳಿಸಿದವರಾರು? ಸೈನ್ಯವಾಗಲಿ ಆ ದ್ವೀಪಗಳಲ್ಲಿ ಸ್ವಾರ್ಥವಾಗಲಿ ಇಲ್ಲದ, ಕ್ಯಾಥೊಲಿಕರೇ ಅಧಿಕವಾಗಿದ್ದ ಎರಡು ರಾಷ್ಟ್ರಗಳೂ ಗೌರವಿಸುತ್ತಿದ್ದ ಧರ್ಮಪೀಠ ಆ ಆರು ವರ್ಷಗಳ ಭಾರವನ್ನು ಹೊತ್ತಿತು. ನಿಸ್ಪೃಹತೆಯಿಂದ ಬಂದ ವಿಶ್ವಾಸ ಮತ್ತು ವಿಶ್ವಾಸವನ್ನು ಕಾಯುವ ತಾಳ್ಮೆ, ಇವೆರಡೇ ಮಧ್ಯಸ್ಥನ ಬಲವೆಂಬುದನ್ನು ಈ ವೃತ್ತಾಂತವು ಸ್ಪಷ್ಟಪಡಿಸುತ್ತದೆ.