ಮೌನದಿಂದ ಹೊಮ್ಮಿದ ಆನಂದಗಾನ

ಆಸ್ಟ್ರಿಯಾದ ವಿಯೆನ್ನಾ ನಗರ. 1824ರ ಮೇ 7. ಲುಡ್ವಿಗ್ ಫಾನ್ ಬೀಥೋವನ್ ರಚಿಸಿದ ಒಂಬತ್ತನೆಯ ಸಿಂಫನಿ ಅಂದು ಮೊದಲ ಬಾರಿಗೆ ಜನರ ಕಿವಿಗೆ ಬಿತ್ತು. ರಚಿಸಿದವರಿಗೆ ಮಾತ್ರ ಅದು ಕೇಳಿಸಲಿಲ್ಲ. ಅಷ್ಟರಲ್ಲಿ ಅವರ ಕಿವಿ ಹೆಚ್ಚುಕಡಿಮೆ ಪೂರ್ತಿ ಮಂದವಾಗಿತ್ತು. ಅವರು ವೇದಿಕೆಯಲ್ಲಿ ನಿಂತು ಲಯ ತೋರಿಸುತ್ತಿದ್ದರೂ ವಾದ್ಯಗಾರರು ಅನುಸರಿಸಿದ್ದು ಮಿಖಾಯೆಲ್ ಉಮ್ಲೌಫರ ಕೈಯನ್ನು. ಚಪ್ಪಾಳೆ ಮೊಳಗುತ್ತಿದ್ದಾಗಲೂ ಬೀಥೋವನ್ ಸಭೆಗೆ ಬೆನ್ನು ಮಾಡಿಯೇ ನಿಂತಿದ್ದರು. ಗಾಯಕಿ ಕರೋಲಿನೆ ಉಂಗರ್ ಅವರನ್ನು ಮೆಲ್ಲನೆ ತಿರುಗಿಸಿದಾಗ, ಕೇಳಲಾಗದ ಚಪ್ಪಾಳೆಯನ್ನು ಕಣ್ಣಾರೆ ಕಂಡರು.

ಜರ್ಮನಿಯ ಬಾನ್ ನಗರದಲ್ಲಿ 1770ರ ಡಿಸೆಂಬರ್ 17ರಂದು ಜ್ಞಾನಸ್ನಾನ ಪಡೆದ ಬೀಥೋವನ್‌ಗೆ ಮೂವತ್ತು ತುಂಬುವ ಮುನ್ನವೇ ಶ್ರವಣದೋಷ ಶುರುವಾಯಿತು. 1802ರಲ್ಲಿ ತಮ್ಮಂದಿರಿಗೆ ಬರೆದು, ಕಳುಹಿಸದೆ ಇಟ್ಟುಕೊಂಡ ಪತ್ರದಲ್ಲಿ, ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದಿತ್ತೆಂದೂ ಸಂಗೀತವೇ ತಡೆಯಿತೆಂದೂ ತೋಡಿಕೊಂಡರು. ಅದಾದ 22 ವರ್ಷಗಳ ಮೇಲೆ ಈ ಕೃತಿ ಹೊರಬಂತು.

ಅದೇ ಸಭೆಯಲ್ಲಿ ಅವರ ಮಹಾ ಬಲಿಪೂಜಾ ಸಂಗೀತದ ಮೂರು ಭಾಗಗಳನ್ನೂ ಹಾಡಲಾಯಿತು. ಬಲಿಪೂಜೆಯ ಸಂಗೀತವನ್ನು ರಂಗಮಂದಿರದಲ್ಲಿ ಹಾಡಲು ಆಕ್ಷೇಪವಿದ್ದುದರಿಂದ ಅವುಗಳನ್ನು ‘ಸ್ತೋತ್ರಗಳು’ ಎಂದು ಪ್ರಕಟಿಸಲಾಯಿತು.

ಸಿಂಫನಿ ಎಂದರೆ ಹಲವು ಭಾಗಗಳ ದೊಡ್ಡ ವಾದ್ಯಕೃತಿ. ಸುಮಾರು 70 ನಿಮಿಷಗಳ ಈ ಕೃತಿಯ ಮೊದಲ ಮೂರು ಭಾಗಗಳಲ್ಲಿ ಮನುಷ್ಯರ ದನಿಯೇ ಇಲ್ಲ. ನಾಲ್ಕನೆಯದು ಕರ್ಕಶ ನಾದದಿಂದ ಆರಂಭವಾಗುತ್ತದೆ. ಹಿಂದಿನ ರಾಗಗಳು ಒಂದೊಂದಾಗಿ ಇಣುಕುತ್ತವೆ. ಮಂದ್ರದ ತಂತಿವಾದ್ಯಗಳು ಅವನ್ನು ಬದಿಗೆ ಸರಿಸುತ್ತವೆ. ಬಳಿಕ ಅವೇ ವಾದ್ಯಗಳು ತೀರಾ ಮೆಲ್ಲನೆ ಹೊಸ ರಾಗವನ್ನು ಹಿಡಿಯುತ್ತವೆ. ಹೆಚ್ಚಾಗಿ ಪಕ್ಕಪಕ್ಕದ ಸ್ವರಗಳಲ್ಲೇ ನಡೆಯುವ, ಮಕ್ಕಳೂ ಹಾಡಬಲ್ಲ ಸರಳ ರಾಗವದು. ಇತರ ವಾದ್ಯಗಳೂ ಸೇರಿ ಅದು ತುಂಬಿಕೊಳ್ಳುತ್ತದೆ. ಮತ್ತೆ ಕರ್ಕಶ ನಾದ! ಆಗ ಒಬ್ಬ ಗಾಯಕನ ದನಿ ಏಳುತ್ತದೆ, ಗಾನವೃಂದ ಜೊತೆಗೂಡುತ್ತದೆ. ಹಾಡುವುದು ಕವಿ ಷಿಲ್ಲರ್ 1785ರಲ್ಲಿ ಬರೆದ ಆನಂದಗೀತೆಯನ್ನು; ಮನುಷ್ಯರೆಲ್ಲ ಸೋದರರು ಎಂಬುದು ಅದರ ಸಾರ.

1907ರಲ್ಲಿ ಅಮೆರಿಕದ ಹೆನ್ರಿ ವ್ಯಾನ್ ಡೈಕ್ ಈ ರಾಗಕ್ಕೆ ಇಂಗ್ಲಿಷ್ ಸ್ತೋತ್ರವೊಂದನ್ನು ಹೊಂದಿಸಿದರು. ಅದು ಅನೇಕ ದೇವಾಲಯಗಳಲ್ಲಿ ಕೇಳಿಬರುತ್ತದೆ. ಬರ್ಲಿನ್ ಗೋಡೆ ಬಿದ್ದ 1989ರ ಕ್ರಿಸ್‌ಮಸ್ ದಿನ ಆ ನಗರದಲ್ಲಿ ಲೆನರ್ಡ್ ಬರ್ನ್‌ಸ್ಟೈನ್ ಈ ಕೃತಿಯನ್ನು ನಡೆಸಿಕೊಟ್ಟರು. ‘ಆನಂದ’ ಎಂಬ ಪದದ ಜಾಗದಲ್ಲಿ ‘ಸ್ವಾತಂತ್ರ್ಯ’ ಎಂದು ಹಾಡಿಸಿದರು.

ಪ್ರಿಯ ಓದುಗರೇ, ಕೊನೆಯ ಹಾಡನ್ನಷ್ಟೇ ಕೇಳಿ ನಿಲ್ಲಿಸಬೇಡಿ. ಮಕ್ಕಳೊಂದಿಗೆ ಕುಳಿತು ಮೊದಲಿನಿಂದ ಕೇಳಿರಿ. ನೋವನ್ನು ಮರೆಸುವ ಆನಂದ ಇದಲ್ಲ, ನೋವನ್ನು ದಾಟಿ ಬಂದದ್ದು. ಅದು ಒಂಟಿ ದನಿಗೆ ಸಾಲದೆ ಎಲ್ಲರ ಕೊರಳನ್ನೂ ಬೇಡುತ್ತದೆ.