ಅಮೃತಮಹಲ್: ಒಂದು ಸಮಸ್ತಪದದ ಚರಿತ್ರೆ

ಅಮೃತಮಹಲ್: ಮೈಸೂರು ಸೀಮೆಯ ಹೆಸರಾಂತ ದನದ ತಳಿ. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಇದರ ತಳಿ ಸಂವರ್ಧನ ಕೇಂದ್ರವಿದೆ. ಹುಟ್ಟಿನಲ್ಲಿ ಈ ಪದ ಅರಮನೆಯ ಒಂದು ಇಲಾಖೆಯ ಹೆಸರು.

ಅರಮನೆಗೆ ಹಾಲು ಬೆಣ್ಣೆ ಒದಗಿಸುವ ದನಗಳನ್ನು ನೋಡಿಕೊಳ್ಳಲು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ‘ಬೆಣ್ಣೆ ಚಾವಡಿ’ ಇತ್ತು. ಚಾವಡಿಯೆಂದರೆ ಕಚೇರಿ. ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಅದು ಅಮೃತಮಹಲ್ ಆಯಿತು. ಅರಬ್ಬಿಯ ಮಹಲ್ ‘ಇಳಿದುಕೊಳ್ಳು’ ಎಂಬರ್ಥದ ಧಾತುವಿನಿಂದ ಬಂದದ್ದು. ತಂಗುದಾಣ, ಸ್ಥಳ, ಅರಮನೆ, ಆಡಳಿತ ವಿಭಾಗ ಎಂದು ಅರ್ಥ ಬೆಳೆಸಿಕೊಂಡು ಪಾರಸಿಯ ಮೂಲಕ ನಮ್ಮಲ್ಲಿಗೆ ತಲುಪಿತು. ಅಮೃತವೆಂದರೆ ಸಾವಿಲ್ಲದ್ದು. ಇದರೊಳಗಿನ ‘ಮೃತ’ಕ್ಕೆ ಜರ್ಮನ್ನಿನಲ್ಲಿ ಕೊಲೆಯೆಂಬ ಅರ್ಥದ ‘ಮೋರ್ಡ್’ ದಾಯಾದಿ ಪದ. ಸಂಸ್ಕೃತದಲ್ಲಿ ಅಮೃತಕ್ಕೆ ಹಾಲು, ತುಪ್ಪ ಎಂಬ ಅರ್ಥಗಳೂ ಇವೆ. ಹಾಗಾಗಿ ಹೊಸ ಹೆಸರು ಹಳೆಯದರ ಅರ್ಥವನ್ನು ಬಹುಮಟ್ಟಿಗೆ ಉಳಿಸಿಕೊಂಡಿತು.

ಸಂಸ್ಕೃತ, ಕನ್ನಡ ಪದಗಳನ್ನು ಬೆಸೆದರೆ ನಮ್ಮ ವೈಯಾಕರಣರು ಅರಿಸಮಾಸವೆಂದರು. ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂಬುದು 9ನೇ ಶತಮಾನದ ಕವಿರಾಜಮಾರ್ಗದ ಆಕ್ಷೇಪ. 13ನೇ ಶತಮಾನದ ಕೇಶಿರಾಜ ಬಿರುದಾವಳಿಗಳಿಗೆ ವಿನಾಯಿತಿ ಕೊಟ್ಟ. ಸಂಸ್ಕೃತಕ್ಕೆ ಅರಬ್ಬಿ ಬೆಸೆದ ಅಮೃತಮಹಲ್ ಅದೇ ಜಾಡಿನದು. ದರ್ಬಾರಿನ ಪದವಾದ್ದರಿಂದ ಬಿರುದಿನಂತೆಯೇ ಸಲೀಸಾಗಿ ಚಲಾವಣೆಗೆ ಬಂದಿತೆನ್ನಬೇಕು.

ಹೆಸರಿನಲ್ಲಿ ಹಾಲಿದ್ದರೂ ಈ ದನ ಕರೆಯುವುದು ಕಡಿಮೆ. ಹೈದರ್, ಟಿಪ್ಪು ಇಬ್ಬರೂ ಇವನ್ನು ಫಿರಂಗಿ, ಸಾಮಾನು ಎಳೆಯಲು ಹೂಡಿದರು. ತಳಿಯ ಕೀರ್ತಿಯೆಲ್ಲ ಎತ್ತುಗಳ ನಡಿಗೆಯದು. ಬೂದು ಮೈ, ನೆತ್ತಿಯಲ್ಲಿ ಒತ್ತೊತ್ತಾಗಿ ಮೂಡಿ ಹಿಂದಕ್ಕೆ ಬಾಗಿ ಮತ್ತೆ ಮುಂದಕ್ಕೆ ಚಾಚುವ ಉದ್ದ ಕೊಂಬು, ಅದರ ಚೂಪಾದ ಕಪ್ಪು ತುದಿ ಇವುಗಳ ಗುರುತು. 1799ರಲ್ಲಿ ಟಿಪ್ಪು ಮಡಿದ ನಂತರ ಹಿಂಡು ಬ್ರಿಟಿಷರ ಕೈಸೇರಿತು. 1860ರಲ್ಲಿ ಅದನ್ನು ಮಾರಿಬಿಟ್ಟರು. ಸೈನ್ಯಕ್ಕೆ ಎತ್ತುಗಳಿಲ್ಲದೆ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಮರಳಿತು. ಅಜ್ಜಂಪುರದ ಕೇಂದ್ರ 1929ರದು.

ಇಷ್ಟರಲ್ಲಿ ಪದ ಇಲಾಖೆಯಿಂದ ದನಕ್ಕೂ, ದನ ಮೇಯುವ ನೆಲಕ್ಕೂ ದಾಟಿತ್ತು. ಈ ಹುಲ್ಲುಗಾವಲುಗಳೇ ಅಮೃತಮಹಲ್ ಕಾವಲು. ಇವುಗಳಲ್ಲಿ ಬಹುಪಾಲು ಬೇರೆ ಬಳಕೆಗೆ ಹೋಗಿರುವುದು ತಳಿಗೆ ಬಿದ್ದ ದೊಡ್ಡ ಪೆಟ್ಟು. ಚಳ್ಳಕೆರೆ ಸೀಮೆಯ ಕಾವಲುಗಳು ರಕ್ಷಣಾ, ವಿಜ್ಞಾನ ಸಂಸ್ಥೆಗಳ ಪಾಲಾದವು. ಕಡೂರು ಬಳಿಯ ಬಾಸೂರು ಕಾವಲು ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಅದರ ಅಧಿಕೃತ ಹೆಸರಿನಲ್ಲಿ ಅಮೃತಮಹಲ್ ಉಳಿದಿದೆ.