ಗಾಜಿನ ಚೂರುಗಳ ಚರಿತ್ರೆ

ಪಂಚನಹಳ್ಳಿಯಿರುವ ಕಡೂರು ಸೀಮೆಯ ತಾಂಡಾಗಳಲ್ಲಿ ಹಿರಿಯ ಲಂಬಾಣಿ ಮಹಿಳೆಯರ ಉಡುಪಿನ ಮೇಲೆ ಕನ್ನಡಿಚೂರು, ಕವಡೆ, ನಾಣ್ಯಗಳು ಮಿನುಗುವುದನ್ನು ಕಂಡಾಗಲೆಲ್ಲ ನನಗೆ ರೋಮಿನ ಮೊಸಾಯಿಕ್ ಆಭರಣಗಳು ನೆನಪಾಗುತ್ತವೆ. ಹೋಲಿಕೆ ತುಸು ದೂರದ್ದೆನಿಸೀತು.

ಸಂತ ಪೇತ್ರರ ಮಹಾದೇವಾಲಯದ ವರ್ಣಚಿತ್ರಗಳು ತೇವದಿಂದ ಕೆಡುತ್ತಿದ್ದುದರಿಂದ ಅವುಗಳನ್ನು ಗಾಜಿನ ಚೂರುಗಳಲ್ಲಿ ಮರುರಚಿಸಲಾಯಿತು. ಅದಕ್ಕಾಗಿ 1727ರಲ್ಲಿ ವ್ಯಾಟಿಕನ್ನಿನ ಕಾರ್ಯಾಗಾರವು ಶಾಶ್ವತ ರೂಪ ಪಡೆಯಿತು. ಆದರೆ ಶತಮಾನ ಮುಗಿಯುವ ವೇಳೆಗೆ ದೇವಾಲಯದ ಕೆಲಸ ವಿರಳವಾಯಿತು. ಕುಶಲಕರ್ಮಿಗಳು ಉಣ್ಣುವುದೇನನ್ನು? ಅವರು ಕಿರಿದಾದುದಕ್ಕೆ ಕೈಹಚ್ಚಿದರು. ಬಣ್ಣದ ಗಾಜನ್ನು ಉರಿಯಲ್ಲಿ ಕರಗಿಸಿ ನೂಲಿನಂತೆ ಎಳೆಯಬೇಕು. ಆರಿದ ಮೇಲೆ ಅತಿಸಣ್ಣ ತುಂಡುಗಳಾಗಿ ಕತ್ತರಿಸಿ, ಅಂಟಿನಲ್ಲಿ ಚಿಮುಟದಿಂದ ಒಂದೊಂದನ್ನೇ ನಿಲ್ಲಿಸಬೇಕು. ಸಂದುಗಳಿಗೆ ಬಣ್ಣದ ಮೇಣ ತುಂಬಿ ಉಜ್ಜಿ ಹೊಳಪು ಕೊಡಬೇಕು. ಅಂಟು ನಿಧಾನವಾಗಿ ಗಟ್ಟಿಯಾಗುತ್ತಿದ್ದುದರಿಂದ ಕಲಿಯುವವನಿಗೆ ತಪ್ಪು ತಿದ್ದಿಕೊಳ್ಳಲು ಕಾಲಾವಕಾಶವಿತ್ತು, ಅದೂ ಒಂದು ಕೃಪೆಯೇ! ಜಾಕೊಮೊ ರಫಾಯೆಲ್ಲಿ 1775ರಲ್ಲಿ ಇಂಥ ಕೃತಿಗಳನ್ನು ಪ್ರದರ್ಶಿಸಿದನು. ರೋಮಿಗೆ ಬಂದ ಪ್ರವಾಸಿಗಳು ಪದಕ, ಉಂಗುರಗಳನ್ನು ಕೊಂಡೊಯ್ದರು. ಆತನ ಹೆಸರು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿದೆ.

ಲಂಬಾಣಿಗರ ಕಸುಬೂ ಹೀಗೆಯೇ ಕೈತಪ್ಪಿತು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಸಾಗಿಸುತ್ತಿದ್ದ ಅವರ ವ್ಯಾಪಾರವನ್ನು 19ನೆಯ ಶತಮಾನದಲ್ಲಿ ರೈಲು ಕಸಿದುಕೊಂಡಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಕರಿನೆರಳೂ ಆ ಜನಾಂಗದ ಮೇಲೆ ಬಿದ್ದಿತು. ಸೂಜಿ ಮಾತ್ರ ಹೆಂಗಸರ ಕೈಯಲ್ಲಿ ಉಳಿಯಿತು. ಕನ್ನಡಿಚೂರಿನ ಸುತ್ತ ಹೊಲಿಗೆ ಬಿಗಿಯುವುದನ್ನು ಮಗಳು ತಾಯಿಯ ಮಗ್ಗುಲಲ್ಲಿ ಕುಳಿತೇ ಕಲಿತಳು. ಆ ತಾಯಂದಿರ ಹೆಸರನ್ನು ಯಾರೂ ಬರೆದಿಡಲಿಲ್ಲ. ಮುಂದೆ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಸಂದರ್ಭದಲ್ಲಿ ಅಲ್ಲಿನ ಮಹಿಳೆಯರು ಹೊಲಿದ 1755 ವಸ್ತುಗಳು ಒಂದೇ ಕಡೆ ಪ್ರದರ್ಶನಗೊಂಡವು.